ಬಿಸಿ ಯಾರ ಕೈಯಲ್ಲಿ

ಅಕ್ಟೋಬರ್ ಕೊನೆಯ ವಾರ, ಒಂದು ಮಂಗಳವಾರ, ಎಫಿ ಟರ್ನ್‌ಬುಲ್‌ಳ ಮನೆಯನ್ನು ಬೆಚ್ಚಗಿಡುವ ಹೀಟಿಂಗ್ ಮೊದಲ ಸಲ ನಿಂತಿತು. ಸೂಪಿಗೆ ಕ್ಯಾರೆಟ್ ಹೆರೆಯುತ್ತಿದ್ದ ಎಫಿ ಹಜಾರಕ್ಕೆ ಬಂದು ಗೋಡೆಯ ಮೇಲಿನ, ಬಿಸಿ ಹೆಚ್ಚುಕಡಿಮೆ ಮಾಡುವ ಡಬ್ಬಿ ನೋಡಿದಳು. ಹದಿನಾಲ್ಕು ಡಿಗ್ರಿ ತೋರಿಸುತ್ತಿತ್ತು. ಗುಂಡಿ ತಿರುಗಿಸಿದಳು. ಪುಟ್ಟ ಬೀಗದ ಚಿತ್ರ ಮಿನುಗಿ ಮಾಯವಾಯಿತು, ಅಷ್ಟೇ. ಆ ಬೀಗ ಹಾಕಿದ್ದು ಅಳಿಯ ಇನ್ನಿಸ್. ಮುದುಕಿ ಸುಮ್ಮಸುಮ್ಮನೆ ತಿರುಗಿಸಿ ಇಪ್ಪತ್ತೆಂಟಕ್ಕೆ ಇಡುತ್ತಾಳೆ ಅಂತ ಎರಡು ವರ್ಷದ ಹಿಂದೆ ಅವನೇ ಬಿಗಿ ಮಾಡಿದ್ದ. ಅಲ್ಲಿಂದೀಚೆಗೆ ಬಿಸಿ ಬೇಕೆಂದರೆ ಫೋನಿನಿಂದಲೇ ಹಾಕಬೇಕು.

ಇನ್ನಿಸ್ ಈಗ ಆ ಮನೆಯಲ್ಲಿಲ್ಲ. ಆಗಸ್ಟಿನಲ್ಲಿ ಎಫಿಯ ಮಗಳು ರೋನಾ ಅವನ ಬಟ್ಟೆಗಳನ್ನು ಎರಡು ಚೀಲಕ್ಕೆ ತುಂಬಿ ಹೊರಗಿನ ಮೆಟ್ಟಿಲ ಮೇಲಿಟ್ಟು, ಬೀಗದ ಕೈ ಇಸಿದುಕೊಂಡಿದ್ದಳು. ಹೊಡೆಯುವವನಲ್ಲ, ಕುಡಿಯುವವನಲ್ಲ, ಎಲೆಕ್ಟ್ರಿಷಿಯನ್ ಕೆಲಸದಲ್ಲಿ ಊರಿಗೇ ಒಳ್ಳೆಯ ಹೆಸರು. ಮತ್ತೆ ಏನು ಮಾಡಿದ ಅಂತ ಬೀದಿಯವರು ಕೇಳಿದರೆ ರೋನಾ ಹತ್ತಿರ ಒಂದು ಮಾತಿನ ಉತ್ತರ ಇರಲಿಲ್ಲ. ಹೊರಟರೆ ಎಲ್ಲಿಗೆ, ಬಂದರೆ ಯಾಕಿಷ್ಟು ಹೊತ್ತು, ಫೋನಿನಲ್ಲಿ ಯಾರು, ನಕ್ಕಿದ್ದು ಯಾಕೆ. ಹದಿನೇಳು ವರ್ಷ ಇದನ್ನೇ ಕೇಳಿಸಿಕೊಂಡು ಅವಳಿಗೆ ಸಾಕಾಗಿಹೋಗಿತ್ತು. ನಮ್ಮ ಹಾಯಿಕ್‌ನಂಥ ಊರಿನಲ್ಲಿ ಇಷ್ಟಕ್ಕೆಲ್ಲ ಗಂಡನನ್ನು ಹೊರಗೆ ಹಾಕಿದವಳನ್ನು ಯಾರೂ ಶಹಬಾಸ್ ಅನ್ನುವುದಿಲ್ಲ. ಹೆತ್ತ ತಾಯಿಯೂ ಅನ್ನಲಿಲ್ಲ.

ಐದೂಕಾಲಿಗೆ ರೋನಾ ವೃದ್ಧಾಶ್ರಮದ ಕೆಲಸ ಮುಗಿಸಿ ಬಂದಾಗ ಎಫಿ ಕೋಟು ಹಾಕಿಕೊಂಡೇ ಸೂಪು ಕಲಕುತ್ತಿದ್ದಳು.

"ರೂಟರ್ ಆರಿಸಿ ಹಾಕಿದ್ರಾ?"

"ಎರಡು ಸಲ," ಅಂದಳು ಐಲ್ಸಾ. ರೋನಾಳ ಮಗಳು, ಹದಿನೈದು ವರ್ಷ, ಕಣ್ಣೆಲ್ಲ ಫೋನಿನ ಮೇಲೆ.

"ನನ್ನ ಫೋನಲ್ಲಿ ಸಂಪರ್ಕ ಇಲ್ಲ ಅಂತ ಬರ್ತಿದೆ ನೋಡು," ಅಂದಳು ರೋನಾ.

"ಇನ್ನಿಸ್‌ಗೆ ಒಂದು ಫೋನ್ ಮಾಡು," ಅಂದಳು ಎಫಿ. "ಹತ್ತು ನಿಮಿಷದ ಕೆಲಸ ಅವ್ನಿಗೆ."

"ಅಮ್ಮಾ, ಅವನ ಹೆಸರು ಎತ್ತಬೇಡ ಅಂದಿದ್ದೆ."

"ಎತ್ತಿದ್ರೆ ಏನು ನಾಲಗೆ ಸುಟ್ಟೋಗುತ್ತಾ? ಹಾಕಿದೋನು ಅವ್ನು, ಗೊತ್ತಿರೋದು ಅವ್ನಿಗೆ. ಕೈಯಲ್ಲಿ ಕಸುಬಿರೋ ಮನುಷ್ಯನ್ನ ಓಡಿಸಿ ಈಗ ಗೋಡೆ ನೋಡ್ಕೊಂಡು ಕೂತ್ಕೊಳ್ಳಿ."

ರೋನಾ ಏಣಿ ಹಾಕಿ ಅಟ್ಟಕ್ಕೆ ಹತ್ತಿ, ನೀರು ಕಾಯಿಸಿ ಕೊಳವೆಗಳಿಗೆ ಬಿಡುವ ಬಾಯ್ಲರ್ ಪಕ್ಕದ ಪೆಟ್ಟಿಗೆಯ ಗುಂಡಿ ಒತ್ತಿದಳು. ಒಂದು ಸಲ ಒತ್ತಿದರೆ ಒಂದೇ ಗಂಟೆ, ಅಷ್ಟು ಹೊತ್ತು ಉರಿಯಿತು. ಆಮೇಲೆ ಮತ್ತೆ ತಣ್ಣಗೆ.

ಇದು ಬರೀ ಹಲ್ಲು ಕಟಕಟಿಸುವ ಚಳಿಯ ಮಾತಾಗಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ. ಮಾರ್ಚಿನಲ್ಲಿ ಎಫಿಗೆ ನ್ಯುಮೋನಿಯಾ ಆಗಿ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದಳು. ಬಿಡುಗಡೆಯ ದಿನ ಡಾಕ್ಟರಮ್ಮ ರೋನಾಳನ್ನು ಪಕ್ಕಕ್ಕೆ ಕರೆದು, "ಈ ಶ್ವಾಸಕೋಶ ಇನ್ನೊಂದು ಸಲ ತಡೆಯಲ್ಲ. ಮನೆ ಹದಿನೆಂಟಕ್ಕಿಂತ ಕೆಳಗೆ ಇಳೀಬಾರದು, ಒಂದು ದಿನಾನೂ," ಅಂದಿದ್ದರು. ಆ ಹದಿನೆಂಟನ್ನು ರೋನಾ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ಎಫಿಗೆ ಅದನ್ನು ನೋಡಿದರೆ ಆಗುತ್ತಿರಲಿಲ್ಲ. ಎಪ್ಪತ್ನಾಲ್ಕು ವರ್ಷ ಬದುಕಿದವಳಿಗೆ ಒಂದು ಅಂಕಿ ತೋರಿಸಿ ಹೆದರಿಸುತ್ತಾರೆ ಅಂತ ಗೊಣಗುತ್ತಿದ್ದಳು.

ನವೆಂಬರ್ ಪೂರ್ತಿ ಆ ಮನೆಯಲ್ಲಿ ಊಟದ ಹೊತ್ತಿಗೆ ಇದೇ ಮಾತು. ರೂಟರನ್ನು ಅಡುಗೆಮನೆಯಿಂದ ಹಜಾರಕ್ಕೆ ತಂದರು. ಡಬ್ಬಿಯ ಬ್ಯಾಟರಿ ಬದಲಿಸಿದರು. ಬಾಯ್ಲರಿಗೂ ಫೋನಿಗೂ ನಡುವೆ ಸುದ್ದಿ ಮುಟ್ಟಿಸುವ ಬಿಳಿ ಪೆಟ್ಟಿಗೆಯೊಂದು ಟೀವಿ ಹಿಂದೆ ಇತ್ತು. ಅದನ್ನು ಮೆಟ್ಟಿಲ ಬಳಿ ಸ್ಟೂಲಿನ ಮೇಲಿಟ್ಟು, ಯಾರೂ ಎಡವಬಾರದೆಂದು ಐಲ್ಸಾ ಕೆಂಪು ರಿಬ್ಬನ್ ಕಟ್ಟಿದಳು. ಕರೆಂಟಿನ ಹೀಟರ್ ತಂದರೆ, ಹಾಕಿದ ಐದು ನಿಮಿಷಕ್ಕೆ ಮನೆಯ ಕರೆಂಟೆಲ್ಲ ಹಾರಿಹೋಗುತ್ತಿತ್ತು. ಆ ವೈರಿಂಗ್ ಎಳೆದವನೂ ಇನ್ನಿಸ್ಸೇ.

ಹೀಟಿಂಗ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ರೋನಾ ನಲವತ್ತು ನಿಮಿಷ ಕಾದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಆಲೂಗಡ್ಡೆ ಹಿಸುಕುವ ಸೌಟು.

"ಖಾತೆ ಇನ್ನಿಸ್ ಅನ್ನೋರ ಹೆಸರಲ್ಲಿದೆ ಮೇಡಂ. ಅವರೇ ಮಾತಾಡ್ಬೇಕು."

"ಅವ್ರು ಈ ಮನೇಲಿಲ್ಲ."

"ಅವ್ರು ಬಂದ ಮೇಲೆ ಮಾಡ್ಸಿ."

"ಬರಲ್ಲ ಅಂತಾನೇ ಹೇಳ್ತಿರೋದು ಕಣಪ್ಪಾ!"

"ಕ್ಷಮಿಸಿ ಮೇಡಂ, ನಿಯಮ."

ನಿಯಮವಂತೆ! ಚಳಿಯಲ್ಲಿ ಕೂತವಳು ಇವಳು, ಬೀಗದ ಕೈ ಇನ್ನೊಬ್ಬನ ಹತ್ತಿರ.

ಎಫಿ ಮಗಳಿಗೆ ಹೇಳದೆ ಇನ್ನಿಸ್‌ಗೆ ಫೋನ್ ಮಾಡಿದಳು. ಸಂಬಂಧದಲ್ಲೇ ಕಸುಬುದಾರ ಇರುವಾಗ ಹೊರಗಿನವನನ್ನು ಕರೆಯುವುದು ನಮ್ಮ ಕಡೆ ಮರ್ಯಾದೆಯಲ್ಲ. ಅವನು ಅದೇ ಮಧ್ಯಾಹ್ನ ಬಂದ. ಶೂ ಬಿಚ್ಚಿ ಒಳಗೆ ಬಂದು, ಬಿಳಿ ಪೆಟ್ಟಿಗೆ ಮುಟ್ಟಿ, ತನ್ನ ಫೋನು ಒತ್ತಿದ. ಹತ್ತು ನಿಮಿಷವೂ ಆಗಲಿಲ್ಲ, ಕೊಳವೆಗಳಲ್ಲಿ ನೀರು ಹರಿದ ಸದ್ದಾಯಿತು. ಎಫಿಗೆ ಕಣ್ಣಲ್ಲಿ ನೀರು ಬಂತು. ಊಟಕ್ಕೆ ಇರು ಅಂದಳು.

ರೋನಾ ಬಂದಾಗ ಅವನು ತನ್ನ ಹಳೆಯ ಕುರ್ಚಿಯಲ್ಲಿ ಕೂತು ಖೀಮಾ, ಆಲೂಗಡ್ಡೆ ತಿನ್ನುತ್ತಿದ್ದ.

"ಏನು ಸಮಾಚಾರ?" ಅಂದಳು ನಿಂತುಕೊಂಡೇ.

"ಈ ಕಲ್ಲಿನ ಗೋಡೆಗಳು ರೋನಾ. ಎರಡಡಿ ದಪ್ಪ. ಸಿಗ್ನಲ್ ದಾಟಲ್ಲ."

"ಎರಡು ವರ್ಷ ದಾಟಿತ್ತಲ್ಲ?"

"ಆಗ ನಾನಿದ್ದೆ," ಅಂದು ನಕ್ಕ. ಎಫಿಯೂ ನಕ್ಕಳು. ರೋನಾ ನಗಲಿಲ್ಲ.

"ಖಾತೆ ನನ್ನ ಹೆಸರಿಗೆ ಮಾಡ್ಕೊಡು."

"ಮಾಡೋಣ ಬಿಡು, ಅದೇನು ಮಹಾ. ಇನ್ನೊಂದು ದಿನ ಬಂದು ಮಾಡ್ತೀನಿ."

ಆ ಇನ್ನೊಂದು ದಿನ ಬರಲಿಲ್ಲ. ಅವನು ಮಾತ್ರ ಬಂದ. ಆರು ದಿನಕ್ಕೆ ಹೀಟಿಂಗ್ ಮತ್ತೆ ನಿಂತಿತು, ಎಫಿ ಫೋನ್ ಮಾಡಿದಳು, ಬಂದು ಸರಿಮಾಡಿ ಊಟಮಾಡಿ ಹೋದ. ಐದು ದಿನಕ್ಕೆ ಮತ್ತೆ. ನಾಲ್ಕು ದಿನಕ್ಕೆ ಮತ್ತೆ. ಡಿಸೆಂಬರ್ ನಡುವಿಗೆ ಎಫಿ ಅವನಿಗೂ ಸೇರಿಸಿಯೇ ತಟ್ಟೆ ಇಡತೊಡಗಿದಳು. ಅವಳ ಮನಸ್ಸಿನಲ್ಲಿದ್ದುದು ಗುಟ್ಟೇನಲ್ಲ. ಹೀಗೆ ಬಂದು ಹೋಗುತ್ತಾ ಒಂದು ದಿನ ಉಳಿದುಬಿಡಲಿ, ತಾನು ಕಣ್ಣು ಮುಚ್ಚುವುದರೊಳಗೆ ಮಗಳ ಸಂಸಾರ ನೆಟ್ಟಗಾಗಲಿ. ಪಾಪ, ತಾಯಿಯ ಆಸೆ. ಆದರೆ ರೋನಾ ಬಸ್ಸಿಳಿದು ಏರುದಾರಿಯಲ್ಲಿ ಬರುವಾಗ ಮನೆ ಮುಂದೆ ಅವನ ವ್ಯಾನು ಕಂಡು, ಎರಡು ಸಲ ಮನೆ ದಾಟಿ ಮೇಲಿನ ಚರ್ಚಿನ ತನಕ ಸುಮ್ಮನೆ ನಡೆದು, ವ್ಯಾನು ಹೋದ ಮೇಲೆ ವಾಪಸ್ ಬಂದಿದ್ದಳು.

ಗುಟ್ಟು ಹಿಡಿದವಳು ಐಲ್ಸಾ. ಕ್ರಿಸ್ಮಸ್ ಕಳೆದ ಶನಿವಾರ, ಮನೆ ಮತ್ತೆ ತಣ್ಣಗಾಗಿದ್ದಾಗ, ಸ್ಟೂಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತಿದ್ದಳು.

"ಅಮ್ಮ, ಈ ದೀಪ ನೋಡು. ಹಸಿರಿದೆ."

"ಇದ್ರೆ?"

"ಸಂಪರ್ಕ ಕಡಿದಿದ್ರೆ ಕೆಂಪಗಿರ್ಬೇಕು. ಪೆಟ್ಟಿಗೆ ಜೊತೆ ಬಂದ ಪುಸ್ತಕದಲ್ಲಿ ಬರೆದಿದೆ. ಸಂಪರ್ಕ ಇದೆ ಅಮ್ಮ. ನಮ್ಮ ಜೊತೆ ಇಲ್ಲ, ಅಷ್ಟೇ."

ರೋನಾ ಮಡಿಸುತ್ತಿದ್ದ ಬಟ್ಟೆ ಬದಿಗಿಟ್ಟು ಬಂದು ಪೆಟ್ಟಿಗೆಯ ಮುಂದೆ ಬಗ್ಗಿದಳು.

"ಇದು ಬೇರೆ ಯಾರ ಫೋನಿನ ಮಾತೋ ಕೇಳ್ತಿದೆ. ನಿನ್ನ ಹೆಸರು ಕಿತ್ತಾಕಿ, ಬಿಸಿನ ಏಳು ಡಿಗ್ರಿಗೆ ಇಳಿಸಿದ್ದಾರೆ. ಅಪ್ಪ ಬಂದಾಗ ನಿನ್ನ ಹೆಸರು ವಾಪಸ್ ಬರುತ್ತೆ. ಹೋದ ಮೇಲೆ ಹೋಗುತ್ತೆ." ಹುಡುಗಿ ಕೆಂಪು ರಿಬ್ಬನ್ನಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಅಪ್ಪಾನೇ ಮಾಡಿದ್ದು ಅಂತ ನಾನು ಹೇಳ್ತಿಲ್ಲ."

"ನೀನು ಹೇಳ್ಬೇಡ, ನಾನು ಹೇಳ್ತೀನಿ," ಅಂದಳು ರೋನಾ. "ಬೇಲಿಯೇ ಎದ್ದು ಹೊಲ ಮೇಯ್ತಿದೆ."

ಎಫಿ ಕೇಳಿ ಕೆಂಡವಾದಳು. "ನಾಚಿಕೆ ಆಗಲ್ವಾ ನಿಮಗೆ? ಅಳಿಯ ಆದೋನು ಅತ್ತೇನ ಚಳಿಗೆ ಹಾಕಿ ಕೊಲ್ತಾನಾ? ನಿಮ್ಮಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟೋನು ಕಣೇ ಅವ್ನು!"

"ಹೆಗಲು ಕೊಟ್ಟ, ನಿಜ. ಈಗ ಇನ್ನೊಂದು ಪೆಟ್ಟಿಗೆಗೂ ರೆಡಿ ಮಾಡ್ತಿದಾನೆ."

"ಬಾಯಿ ಮುಚ್ಚು! ಮಗು ಮುಂದೆ!"

"ಮಗೂನೇ, ಅಜ್ಜಿ, ಕಂಡುಹಿಡಿದಿದ್ದು," ಅಂದಳು ಐಲ್ಸಾ.

ಎಫಿ ಅಂದು ಊಟ ಮಾಡಲಿಲ್ಲ. ಭಾನುವಾರ ಬೆಳಗ್ಗೆ ರೋನಾ, ಐಲ್ಸಾ ಸೇರಿ, ಎಫಿಯ ಹೇರ್‌ಪಿನ್ನನ್ನೇ ಇಸಿದುಕೊಂಡು, ಬಿಳಿ ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಚುಚ್ಚಿ ಎಲ್ಲ ಅಳಿಸಿಹಾಕಿದರು. ಹೊಸ ಖಾತೆ, ರೋನಾಳ ಹೆಸರು, ಹೊಸ ಗುಪ್ತಪದ. ಗೋಡೆಯ ಡಬ್ಬಿಯ ಬೀಗವೂ ಹೋಯಿತು. ತನ್ನ ಫೋನು ಕೈಕೊಟ್ಟರೆ ಮನೆ ತಣ್ಣಗಾಗಬಾರದೆಂದು ರೋನಾ ಆ ಗುಪ್ತಪದವನ್ನು ಅಡುಗೆಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟಳು.

"ಅಮ್ಮ, ಒಂದೇ ಮಾತು. ನಾನಿಲ್ಲದಾಗ ಅವನಿಗೆ ಬಾಗಿಲು ತೆಗೀಬೇಡ."

"ಹೂಂ," ಅಂದಳು ಎಫಿ, ಮುಖ ತಿರುಗಿಸಿ.

ಹನ್ನೊಂದು ದಿನ ಮನೆ ಬೆಚ್ಚಗಿತ್ತು. ಹತ್ತೊಂಬತ್ತು, ಇಪ್ಪತ್ತು. ಐಲ್ಸಾ ಸಾಕ್ಸ್ ಇಲ್ಲದೆ ಓಡಾಡಿದಳು. ರೋನಾ ಹಾಡು ಗುನುಗಿದ್ದನ್ನು ಎಫಿ ವರ್ಷದ ಮೇಲೆ ಕೇಳಿದಳು. ಅದನ್ನು ಕೇಳಿಯಾದರೂ ಮುದುಕಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಹನ್ನೆರಡನೆಯ ದಿನ ಹನ್ನೊಂದು ಗಂಟೆಗೆ ಇನ್ನಿಸ್ ದ್ರಾಕ್ಷಿ ಹಾಕಿದ ಬನ್ನು ಹಿಡಿದು ಬಾಗಿಲು ತಟ್ಟಿದ. ಮಳೆಗೆ ಅವನ ತಲೆ ಒದ್ದೆಯಾಗಿತ್ತು.

"ನಿಮ್ಮನ್ನ ನೋಡ್ಕೊಂಡು ಹೋಗೋಣ ಅಂತ ಅತ್ತೆ. ಒಳಗೆ ಬರಲ್ಲ, ರೋನಾಗೆ ಇಷ್ಟ ಆಗಲ್ಲ."

"ಮಳೇಲಿ ನಿಂತಿದೀಯಲ್ಲೋ. ಬಾ, ಒಂದು ಕಪ್ ಟೀ."

ಟೀ ಕುಡಿಯುತ್ತಾ ಅವನು ಕೇಳಿದ. "ಹೊಸದಾಗಿ ಎಲ್ಲ ಹಾಕಿದ್ದಾರಂತೆ. ಐಲ್ಸಾ ಜಾಣೆ. ಸಿಗ್ನಲ್ ಸರಿ ಹಿಡ್ದಿದ್ಯಾ ಒಂದ್ಸಲ ನೋಡ್ಲಾ? ರಾತ್ರಿ ಇದ್ದಕ್ಕಿದ್ದಂತೆ ನಿಂತ್ರೆ ನಿಮ್ಮ ಎದೆ ಗತಿ ಏನು?"

ಎಫಿ ಯೋಚಿಸಿದಳು. ಇವನು ಮುಟ್ಟಿದ ಮೇಲೂ ಹೀಟಿಂಗ್ ನಿಲ್ಲದಿದ್ದರೆ ಇವನ ಮೇಲಿನ ಕಳಂಕ ಹೋಗುತ್ತದೆ. ಮಗಳ ಬಾಯಿ ಮುಚ್ಚುತ್ತದೆ. ಎದ್ದು ಹೋಗಿ ಕ್ಯಾಲೆಂಡರಿನ ಮೂಲೆ ತೋರಿಸಿದಳು. ಅವನು ಫೋನಿನಲ್ಲಿ ಏನೋ ಒತ್ತಿ, "ಚೆನ್ನಾಗಿದೆ," ಅಂದು, ಕಪ್ಪು ತೊಳೆದಿಟ್ಟು ಹೋದ. ಉಳಿದ ಬನ್ನನ್ನು ಎಫಿ ಕಸದ ಬುಟ್ಟಿಯ ತಳಕ್ಕೆ ತುರುಕಿದಳು.

ಮೂರನೆಯ ದಿನ ಹೀಟಿಂಗ್ ನಿಂತಿತು. ಗೋಡೆಯ ಡಬ್ಬಿಯಲ್ಲಿ ಬೀಗದ ಚಿತ್ರ ಮತ್ತೆ ಬಂದಿತ್ತು. ರೋನಾ ತನ್ನದೇ ಗುಪ್ತಪದ ಹಾಕಿದರೆ ತಪ್ಪು ಅನ್ನುತ್ತಿತ್ತು. ಹೇರ್‌ಪಿನ್ ಚುಚ್ಚಿದರೂ, ಅಳಿಸುವುದಕ್ಕೂ ಈ ಸಲ ಬೀಗ ಬಿದ್ದಿದೆ, ಈ ಪೆಟ್ಟಿಗೆ ಬೇರೆಯವರ ಖಾತೆಗೆ ಸೇರಿದ್ದು ಅಂತ ಬಂತು.

"ಅಮ್ಮಾ. ಅವನು ಬಂದಿದ್ನಾ?"

"ಇಲ್ಲ."

"ನನ್ನ ಮುಖ ನೋಡಿ ಹೇಳು."

"ಇಲ್ಲ ಅಂದ್ನಲ್ಲ! ಏನು ಕೋರ್ಟಾ ಇದು? ಆ ಗೋಡೆಗಳ ಕಾಟ, ಅವ್ನು ಮೊದಲೇ ಹೇಳಿದ್ದ." ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಕೆಮ್ಮು ಬಂದದ್ದು ಒಳ್ಳೆಯದೇ ಆಯಿತು ಅಂದುಕೊಂಡಳು. ಮುಖ ನೋಡಬೇಕಾಗಲಿಲ್ಲ.

ಆ ಕೆಮ್ಮು ಹೋಗಲಿಲ್ಲ. ರೋನಾ ಬೆಳಗ್ಗೆ ನಾಲ್ಕಕ್ಕೆದ್ದು ಅಟ್ಟ ಹತ್ತಿ ಗುಂಡಿ ಒತ್ತುವಳು, ಸಂಜೆ ಬಂದವಳೇ ಮತ್ತೆ ಹತ್ತುವಳು. ನಡುವೆ ಮನೆ ತಣ್ಣಗಾಗುತ್ತಲೇ ಇತ್ತು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಎದೆಯ ಬುಡದಲ್ಲಿ ಸದ್ದು ಶುರುವಾಗಿದೆ, ಎಚ್ಚರ ಅಂದರು. ನಮ್ಮನೆಗೆ ಬಾ ಎಂದು ಅಕ್ಕಪಕ್ಕದವರು ಕರೆದರೆ ಎಫಿ ಹೋಗಲಿಲ್ಲ. ತನ್ನ ಮನೆಯಲ್ಲಿ ಚಳಿಯಿದೆ ಅಂತ ಊರಿಗೆ ಸಾರುವವಳಲ್ಲ ಅವಳು. ಆದರೆ ಒಂದು ಕೆಲಸ ಮಾತ್ರ ಬಿಟ್ಟಿದ್ದಳು. ಈ ಸಲ ಇನ್ನಿಸ್‌ಗೆ ಫೋನ್ ಮಾಡಿರಲಿಲ್ಲ. ಯಾಕೆ ಅಂತ ತನ್ನನ್ನು ತಾನೇ ಕೇಳಿಕೊಳ್ಳಲೂ ಇಲ್ಲ.

ಕೊನೆಗೆ ರೋನಾ ಬೇರೊಬ್ಬ ಫಿಟರ್‌ನನ್ನು ಗೊತ್ತುಮಾಡಿದಳು. ಶುಕ್ರವಾರ ಬಂದು ಎಲ್ಲ ಕಿತ್ತುಹಾಕಿ, ಕೈಯಲ್ಲಿ ತಿರುಗಿಸುವ ಹಳೇ ನಮೂನೆಯದು ಕೂರಿಸುತ್ತಾನೆ.

ಗುರುವಾರ ಮಧ್ಯಾಹ್ನ ಮೂರೂವರೆ. ಹೊರಗೆ ಆಗಲೇ ಮಬ್ಬು. ಎಫಿ ಎರಡು ಸ್ವೆಟರ್, ಒಂದು ಕಂಬಳಿ ಹೊದ್ದು ಹಜಾರದ ಕುರ್ಚಿಯಲ್ಲಿ ಕೂತಿದ್ದಳು. ಫೋನು ಹೊಡೆದುಕೊಂಡಿತು.

"ಅತ್ತೆ, ಹೇಗಿದ್ದೀರಿ? ಹದಿಮೂರಕ್ಕೆ ಇಳಿದುಬಿಟ್ಟಿದೆಯಲ್ಲ. ನಾನು ಬಂದು ನೋಡ್ಲಾ?"

ಎಫಿ ತಲೆಯೆತ್ತಿ ಗೋಡೆ ನೋಡಿದಳು. ಹದಿಮೂರು.

"ಹದಿಮೂರು ಅಂತ ನಿಂಗೆ ಯಾರು ಹೇಳಿದ್ರು?"

"ಊಹೆ ಅತ್ತೆ. ಇಂಥ ಚಳೀಲಿ ಅಷ್ಟೇ ಇರುತ್ತೆ. ಇಲ್ಲೇ ಇದೀನಿ, ಬಾಗಿಲು ತೆಗೀರಿ."

ಬಾಗಿಲ ಗಾಜಿನ ಮೇಲೆ ಅವನ ನೆರಳು ಬಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಎಫಿ ಫೋನು ಕಟ್ ಮಾಡಿ ಪಕ್ಕಕ್ಕಿಟ್ಟಳು. ಗೋಡೆ ಹಿಡಿದುಕೊಂಡು ಎದ್ದು ಹೋಗಿ, ಮೇಲಿನ ಚಿಲಕ ಹಾಕಿದಳು. ಕೆಳಗಿನದನ್ನೂ ಹಾಕಿದಳು.

"ಅತ್ತೆ? ಇದೇನು ಚಿಲಕ ಹಾಕ್ತಿದ್ದೀರಿ? ಸರಿ ಮಾಡಿ ಹೋಗ್ತೀನಿ ಅಷ್ಟೇ."

"ಒಳಗೆ ಯಾಕೆ ಬರ್ಬೇಕು? ಫೋನು ಜೇಬಲ್ಲಿದೆಯಲ್ಲ. ಅಲ್ಲಿಂದಲೇ ಮಾಡು."

"ಏನು ಮಾತಾಡ್ತಿದ್ದೀರಿ? ರೋನಾ ನಿಮ್ಮ ತಲೆ ಕೆಡಿಸಿದ್ದಾಳೆ."

"ಮಾಡೋ," ಅಂದಳು ಎಫಿ. "ನನಗೆ ಚಳಿ ಆಗ್ತಿದೆ ಕಣೋ. ಎದೆ ನೋಯ್ತಿದೆ. ಮಾಡು."

ಅವಳು ಡಬ್ಬಿಯನ್ನೇ ನೋಡುತ್ತಾ ನಿಂತಳು. ಇವನಿಂದ ಆಗದಿರಲಿ ದೇವರೇ ಅಂತ ಬೇಡಿಕೊಂಡಳು. ಈ ಮುದಿ ಜೀವ ಸೆಟೆದು ಹೋದರೂ ಸರಿ, ಆಗದಿರಲಿ. ಅರ್ಧ ನಿಮಿಷ ಕಳೆಯಿತು. ಡಬ್ಬಿಯ ಮೇಲೆ ಕಿತ್ತಳೆ ಬಣ್ಣದ ಬೆಂಕಿಯ ಗುರುತು ಹೊತ್ತಿಕೊಂಡಿತು. ಅಟ್ಟದಲ್ಲಿ ಬಾಯ್ಲರ್ ಗುಡುಗುಟ್ಟಿತು.

ಎಫಿ ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

"ಬಂತಲ್ಲ?" ಅಂದ ಇನ್ನಿಸ್. ದನಿ ಮೆತ್ತಗಿತ್ತು. "ಈಗ ಬಾಗಿಲು ತೆಗೀರಿ. ನಮ್ಮ ಕಸುಬಿನವರ ಮಾತು ನನ್ನ ಕಿವಿಗೂ ಬೀಳುತ್ತೆ. ನಾಳೆ ಬರೋ ಫಿಟರ್‌ಗೆ ಬೇಡ ಅಂತ ಹೇಳಿ. ನನ್ನ ಮನೆಗೆ ಅವನ್ಯಾಕೆ ಕೈ ಹಾಕ್ಬೇಕು?"

"ಇದು ನನ್ನ ಮನೆ."

"ತೆಗೀರಿ ಅತ್ತೆ."

ಅವಳು ತೆಗೆಯಲಿಲ್ಲ. ಬೆಂಕಿಯ ಗುರುತು ಆರಿತು.

"ತೆಗೀತೀರಾ?"

ಗುರುತು ಹೊತ್ತಿಕೊಂಡಿತು. ಆರಿತು. ಮತ್ತೆ ಹೊತ್ತಿ, ಮತ್ತೆ ಆರಿತು.

"ರೋನಾ ಬರೋದು ಐದೂಕಾಲಿಗೆ," ಅಂದ ಅವನು. "ಅಲ್ಲೀತನಕ ನಿಮ್ಮ ಎದೆ ತಡೆಯುತ್ತಾ? ನಿಮಗೋಸ್ಕರವೇ ಹೇಳ್ತಿರೋದು."

ಎಫಿ ಕುರ್ಚಿಗೆ ವಾಪಸ್ ಬಂದು ಕೂತಳು. ಬೆರಳು ಮರಗಟ್ಟಿ ಫೋನಿನ ಗುಂಡಿ ಎರಡು ಸಲ ತಪ್ಪಾಯಿತು. ಮೂರನೆಯ ಸಲ ವೃದ್ಧಾಶ್ರಮದವರು ತೆಗೆದುಕೊಂಡು ರೋನಾಳನ್ನು ಕರೆದರು.

"ಅಮ್ಮಾ? ಏನಾಯ್ತು? ಉಸಿರು ಯಾಕೆ ಹಾಗೆ?"

"ಅವನು ಬಂದಿದ್ದ ರೋನಾ. ಎರಡು ವಾರದ ಹಿಂದೆ. ನಾನೇ ಒಳಗೆ ಕರೆದು ಕ್ಯಾಲೆಂಡರ್ ತೋರಿಸಿದೆ. ನಿನಗೆ ಸುಳ್ಳು ಹೇಳಿದೆ."

"ಈಗ ಎಲ್ಲಿದ್ದಾನೆ?"

"ಬಾಗಿಲ ಆಚೆ."

"ತೆಗೀಬೇಡ ಅಮ್ಮ! ಪೊಲೀಸರಿಗೆ ಹೇಳಿ ಹೊರಟೆ. ಐಲ್ಸಾಗೆ ಶಾಲೇಲೇ ಇರು ಅಂತೀನಿ. ತೆಗೀಬೇಡ, ಕೇಳಿಸ್ತಾ?"

"ತೆಗೆಯಲ್ಲ ಕಣೇ. ನೀನು ಫೋನ್ ಇಡಬೇಡ, ಅಷ್ಟೇ."

ಗೋಡೆಯ ಮೇಲೆ ಹದಿಮೂರು ಹೋಗಿ ಹನ್ನೆರಡಾಯಿತು. ಬಾಗಿಲಿನಲ್ಲಿ ಕಾಗದ ಹಾಕುವ ಕಿಂಡಿಯ ತಗಡು ಮೇಲೆದ್ದು, ಅವನ ನಾಲ್ಕು ಬೆರಳು ಒಳಗೆ ಕಂಡವು.

"ಯಾರ ಹತ್ರ ಮಾತಾಡ್ತಿದ್ದೀರಿ ಅತ್ತೆ?"

"ನನ್ನ ಮಗಳ ಹತ್ರ," ಅಂದಳು ಎಫಿ.